ನಲವತ್ತರ ನಂತರ ಐವತ್ತಮೂರು

ಜನವರಿ 9

ಅಮ್ಮ,

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ಬಂತು ಎಂದುಕೊಳ್ಳಬೇಡ. ಫೋನಿನಲ್ಲಿ ನಿನ್ನ ಬಾಯಿಂದ 'ಹೂಂ' ಬಿಟ್ಟು ಬೇರೆ ಮಾತು ಹೊರಡಿಸಲು ಇಷ್ಟು ವರ್ಷವಾದರೂ ನನ್ನಿಂದ ಆಗಿಲ್ಲ. ನಾನೇ ಪ್ರಶ್ನೆ ಕೇಳಿ, ನಾನೇ ಉತ್ತರ ಹೇಳಿಕೊಂಡು, ಕೊನೆಗೆ 'ಸರಿ, ಇಡ್ತೀನಿ' ಎಂದು ನಾನೇ ಇಡಬೇಕು. ಕಾಗದದ ಮೇಲಾದರೆ ನಿನಗೆ ಬಾಯಿದೆ. ಲೇಖಕರಿಗೆ ನೀನು ಬರೆಯುವ ಪತ್ರಗಳನ್ನು ಕದ್ದು ಓದಿ ಬೆಳೆದವಳಿಗೆ ಅಷ್ಟು ಗೊತ್ತು.

ವಿಷಯ ಇಷ್ಟು. ವಿಶ್ವವಿದ್ಯಾಲಯ ನಡೆಸುವ ಸಣ್ಣ ಪತ್ರಿಕೆಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ನೋಡಲು ಸಮಿತಿಯೊಂದು ಕೂತಿದೆ. ಪ್ರತಿ ಪತ್ರಿಕೆಯ ಪ್ರಭಾವ ಯಾವ ಯಾವ ಶಾಸ್ತ್ರಗಳವರೆಗೆ ಹರಡಿದೆ ಎಂದು ನಕ್ಷೆ ಮಾಡಿಕೊಡುವ ಕೆಲಸ ನಮ್ಮ ವಿಭಾಗಕ್ಕೆ ಬಂದಿದೆ. ಒಂದು ಲೇಖನವನ್ನು ಮುಂದೆ ಯಾರು ಯಾರು ತಮ್ಮ ಲೇಖನದ ಕೊನೆಯಲ್ಲಿ ಆಕರವೆಂದು ಹೆಸರಿಸಿದ್ದಾರೆ ಎಂದು ಹುಡುಕುವುದು. ಪ್ರತಿ ಲೇಖನಕ್ಕೊಂದು ಚುಕ್ಕಿ ಇಡುವುದು, ಪ್ರತಿ ಉಲ್ಲೇಖಕ್ಕೊಂದು ಗೆರೆ ಎಳೆಯುವುದು. ಹೆಚ್ಚು ಗೆರೆ ಬಂದ ಚುಕ್ಕಿ ದಪ್ಪವಾಗುತ್ತಾ ಹೋಗುತ್ತದೆ. ಅಷ್ಟೇ ನನ್ನ ಉದ್ಯೋಗ.

ನನ್ನ ಪಾಲಿಗೆ ಬಂದ ಕಂತೆಯಲ್ಲಿ ನೀನು ಸಂಪಾದಕಿಯಾಗಿರುವ 'ಕೋಣೆ ಮತ್ತು ಶಬ್ದ' ಇದೆ. ಅದು ನಮ್ಮಮ್ಮನ ಪತ್ರಿಕೆ, ಬೇರೆಯವರಿಗೆ ಕೊಡಿ ಎಂದು ನಮ್ಮ ಮುಖ್ಯಸ್ಥರಿಗೆ ಹೇಳಿದೆ. 'ಒಳ್ಳೇದೇ ಆಯ್ತಲ್ಲ, ಬೇಗ ಮುಗಿಸ್ತೀಯ' ಎಂದರು. ಪತ್ರಿಕೆ ಅನ್ನುವುದಕ್ಕಿಂತ ನನ್ನ ಅಕ್ಕ ಅನ್ನಬೇಕಿತ್ತೇನೋ. ಮನೆಯಲ್ಲಿ ಯಾವಾಗಲೂ ಅವಳದೇ ಊಟ ಮೊದಲು.

ನಿನ್ನ ಮಗಳು


ಜನವರಿ 20

ಮಗಳೇ,

ಸಮಿತಿಯ ಪತ್ರ ನನಗೂ ಬಂದಿದೆ. ಹೆದರಿಕೆಯೇನಿಲ್ಲ. ನಕ್ಷೆಯನ್ನು ಬೇರೆ ಪತ್ರಿಕೆಗಳಿಗೆ ಹೇಗೆ ಮಾಡುತ್ತೀಯೋ ಇದಕ್ಕೂ ಹಾಗೆಯೇ ಮಾಡು. ನನ್ನ ಮುಖ ನೋಡಿ ಒಂದು ಗೆರೆಯನ್ನೂ ಹೆಚ್ಚು ಎಳೆಯಬೇಡ, ನನ್ನ ಮೇಲಿನ ಸಿಟ್ಟಿಗೆ ಒಂದನ್ನೂ ಅಳಿಸಬೇಡ.

ನನ್ನ ಪದ್ಧತಿ ನಿನಗೆ ಗೊತ್ತಿದೆ. ಲೇಖಕರು ಯಾವ ಪುಟವನ್ನು ಆಕರವೆಂದು ಕೊಟ್ಟರೂ ನಾನು ಒಂದು ಕಾರ್ಡು ಹಾಕುತ್ತಿದ್ದೆ: 'ಆ ಪುಟವನ್ನು ಕಣ್ಣಾರೆ ಕಂಡಿದ್ದೀರಾ?' ಎಷ್ಟೋ ದೊಡ್ಡವರು ನನ್ನ ಮೇಲೆ ಹರಿಹಾಯ್ದಿದ್ದಾರೆ. ಆದರೆ ಕಾಣದ ಪುಟವನ್ನು ಕಂಡೆ ಎನ್ನುವವರು ಕಾಣದ ಮನುಷ್ಯನನ್ನೂ ಕಂಡೆ ಎನ್ನುತ್ತಾರೆ. ನಿನ್ನ ನಕ್ಷೆಯಲ್ಲಿ ಇನ್ನೇನು ಸಿಗದಿದ್ದರೂ ನಮ್ಮಲ್ಲಿ ಸುಳ್ಳು ಉಲ್ಲೇಖ ಸಿಗುವುದಿಲ್ಲ.

ಕರಡು ತಿದ್ದುವ ಮೇಷ್ಟ್ರು ವಾರಕ್ಕೆರಡು ಬಾರಿ ಬರುತ್ತಾರೆ. ಮುಂದಿನ ಕೋಣೆಯ ಕಪಾಟುಗಳು ತುಂಬಿ ಈಗ ಸಂಚಿಕೆಗಳು ಕಿಟಕಿಯ ಕೆಳಗೂ ನಿಂತಿವೆ. ನಿನ್ನ ಕೋಣೆಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಅಮ್ಮ


ಫೆಬ್ರವರಿ 17

ಅಮ್ಮ,

ನಕ್ಷೆಯ ಮೊದಲ ರೂಪ ತಯಾರಾಗಿದೆ. ನಿನ್ನ ಪತ್ರಿಕೆ ಚಿಕ್ಕದು, ಆದರೆ ಅದರ ಗೆರೆಗಳು ಎಲ್ಲೆಲ್ಲೋ ಹೋಗಿವೆ: ಕಟ್ಟಡ ಶಾಸ್ತ್ರ, ಶಾಲಾ ಶಿಕ್ಷಣ, ಮನಶ್ಶಾಸ್ತ್ರ, ಇತಿಹಾಸ, ಪಶುವೈದ್ಯ, ಆಸ್ಪತ್ರೆ. ಪಕ್ಕದ ಮೇಜಿನವನು ನೋಡಿ 'ಇದೇನೇ, ನಿಮ್ಮಮ್ಮ ಪ್ರಪಂಚಕ್ಕೆಲ್ಲ ಬಲೆ ಬೀಸಿದ್ದಾರೆ!' ಎಂದ.

ಅವುಗಳಲ್ಲಿ ಬಹುಪಾಲು ಗೆರೆಗಳು ನಡುವಿನ ಒಂದೇ ದಪ್ಪ ಚುಕ್ಕಿಗೆ ಬಂದು ಸೇರುತ್ತವೆ. ಪರದೆಯ ಮೇಲೆ ಅದನ್ನು ಹಿಡಿದು ಎಳೆದರೆ ಇಡೀ ನಕ್ಷೆ ಅದರ ಹಿಂದೆಯೇ ಬರುತ್ತದೆ. ಪುಟಸಂಖ್ಯೆ ತಪ್ಪಾಗಿ ಬರೆದಿದ್ದ ಒಂದು ಉಲ್ಲೇಖವನ್ನು ತಿದ್ದಿ ಉಳಿದವುಗಳ ಜೊತೆ ಸೇರಿಸಿದ ಮೇಲೆ ಅದು ಇನ್ನೂ ಒಂದಿಷ್ಟು ದಪ್ಪಗಾಯಿತು. ಯಾರ ಲೇಖನ ಎಂದು ತೆರೆದು ನೋಡಿದೆ. ಅಪ್ಪನದು. 'ಜನ ಹೋದ ಮೇಲೆ ಕೋಣೆಯಲ್ಲಿ ಉಳಿಯುವ ಶಬ್ದ', ಪುಟ 41ರಿಂದ 52.

ಅಪ್ಪ ಹೋದ ವರ್ಷದ ಸಂಚಿಕೆ. ನಾನು ಆಗ ಮೇಜಿನ ಕೆಳಗೆ ತಲೆ ತಾಗದೆ ನಿಲ್ಲುವಷ್ಟು ಎತ್ತರವಿದ್ದೆ. ಅವರ ದನಿ ನನಗೆ ನೆನಪಿಲ್ಲ. ಅವರು ಬರೆದದ್ದನ್ನಾದರೂ ಓದೋಣ ಎಂದು ಆಸೆಯಿಂದ ಗ್ರಂಥಾಲಯಕ್ಕೆ ಓಡಿದೆ. ಹಿಂಬದಿಯ ರಕ್ಷಾಪುಟದ ವಿಷಯಸೂಚಿಯಲ್ಲಿ ಲೇಖನ ಇದೆ. ಒಳಗಿಲ್ಲ. ಪುಟ ನಲವತ್ತರ ನಂತರ ಐವತ್ತಮೂರು. ಯಾರೋ ಹರಿದಿರಬೇಕು ಎಂದು ಬೇರೆ ಪ್ರತಿ ತರಿಸಿದೆ. ಅದರಲ್ಲೂ ಹಾಗೆಯೇ. ಹೊಲಿಗೆ ಗಟ್ಟಿಯಾಗಿದೆ, ಏನೂ ಹರಿದಿಲ್ಲ.

ಆ ಲೇಖನ ಎಲ್ಲಿದೆ, ಅಮ್ಮ?

ನಿನ್ನ ಮಗಳು


ಫೆಬ್ರವರಿ 28

ಮಗಳೇ,

ಆ ಲೇಖನ ಎಲ್ಲೂ ಇಲ್ಲ. ನಿನ್ನ ಅಪ್ಪ ಅದನ್ನು ಬರೆಯಲೇ ಇಲ್ಲ.

ಆಗ ನಮ್ಮ ರಕ್ಷಾಪುಟ ಬಣ್ಣದ್ದು. ಬೇರೆ ಪ್ರೆಸ್ಸಿನಲ್ಲಿ, ಒಳಪುಟಗಳಿಗಿಂತ ಮೊದಲೇ ಅಚ್ಚಾಗುತ್ತಿತ್ತು. ವಿಷಯಸೂಚಿ ಅದರ ಮೇಲೆಯೇ. ಆ ಸಂಚಿಕೆಗೆ ನಿನ್ನ ಅಪ್ಪನ ಲೇಖನ ಬರಬೇಕಿತ್ತು. ಶೀರ್ಷಿಕೆ ಮಾತ್ರ ಕೊಟ್ಟಿದ್ದರು. ಉಳಿದದ್ದು ತಲೆಯಲ್ಲಿದೆ ಎನ್ನುತ್ತಿದ್ದರು. ಅಷ್ಟರಲ್ಲಿ ಬಿದ್ದರು. ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದವರು ಮತ್ತೆ ನನ್ನೆದುರು ತೆರೆಯಲಿಲ್ಲ.

ನಾನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಮಾತಾಡುತ್ತಲೇ ಇದ್ದೆ. ನೀನು ನಂಬುವುದಿಲ್ಲ, ಆಗ ನಾನು ಬಾಯಿಬಡುಕಿ. ನೀನು ಏನು ತಿಂದೆ, ಯಾರು ಕರಡು ಕಳಿಸಿದರು, ಅಚ್ಚಿನ ಮನೆಯವರು ಏನು ಗೊಣಗಿದರು ಎಲ್ಲವನ್ನೂ ಹೇಳುತ್ತಿದ್ದೆ. 'ನಿಮ್ಮ ಜಾಗ ಹಿಡಿದಿಟ್ಟಿದ್ದೀನಿ, ಎದ್ದು ಬರೀರಿ' ಎನ್ನುತ್ತಿದ್ದೆ. ಒಂದು ದಿನ ದೊಡ್ಡ ಡಾಕ್ಟರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, 'ಅಮ್ಮಾ, ಅವರಿಗೆ ಏನೂ ಕೇಳಿಸ್ತಿಲ್ಲ. ಸುಮ್ನೆ ಯಾಕೆ ಗಂಟಲು ಒಣಗಿಸ್ಕೋತೀರಿ' ಎಂದರು. ಕೆಟ್ಟ ಮನುಷ್ಯರಲ್ಲ, ಕನಿಕರದಿಂದಲೇ ಹೇಳಿದರು. ಆವತ್ತಿಗೆ ನಾನು ನಿಲ್ಲಿಸಿದೆ. ಒಮ್ಮೆ ನಿಂತದ್ದು ಮತ್ತೆ ಶುರುವಾಗಲಿಲ್ಲ.

ಅವರು ಹೋದ ಮೇಲೆ ಅಚ್ಚಿನ ಮನೆಯವರು ಪುಟಸಂಖ್ಯೆ ಸರಿಮಾಡೋಣ, ಬೇರೆ ಲೇಖನ ಹಾಕೋಣ ಎಂದರು. ನಾನು ಒಪ್ಪಲಿಲ್ಲ. ಆ ಪುಟಗಳು ಅವರವು. ಗ್ರಂಥಾಲಯದವರು ರಕ್ಷಾಪುಟ ನೋಡಿ ಲೇಖನವನ್ನು ಸೂಚಿಗೆ ಸೇರಿಸಿಕೊಂಡಿರುತ್ತಾರೆ. ಸೂಚಿ ನೋಡಿದವರು ಉಲ್ಲೇಖಿಸಿರುತ್ತಾರೆ. ಕಣ್ಣಾರೆ ಕಂಡಿದ್ದೀರಾ ಎಂದು ಕೇಳಲು ಅಲ್ಲೆಲ್ಲ ನಾನಿರಲಿಲ್ಲವಲ್ಲ.

ಒಂದು ಮಾತು. ಆ ಜನ ಸುಮ್ಮನೆ ಹೆಸರು ಹಾಕಿದ್ದಾರೆಯೋ, ಅವರು ಹೀಗೆ ಹೇಳಿದ್ದಾರೆ ಎಂದು ಏನಾದರೂ ಬರೆದಿದ್ದಾರೆಯೋ? ಬರೆದಿದ್ದರೆ ಕಳಿಸು. ನೋಡುತ್ತೇನೆ, ಅಷ್ಟೇ.

ಅಮ್ಮ


ಮಾರ್ಚ್ 15

ಅಮ್ಮ,

ಬರೆದಿದ್ದಾರೆ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಅಪ್ಪ ಬರೆಯದ ಲೇಖನದಲ್ಲಿ ಅಪ್ಪ ಹೇಳಿದ್ದೆಂದು ಜನ ಬರೆದದ್ದು ಇದು.

ಕಟ್ಟಡದವರ ಪ್ರಕಾರ ಸಾಮಾನು ತೆಗೆದ ಕೋಣೆಯಲ್ಲಿ ಶಬ್ದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಅಪ್ಪ ತೋರಿಸಿಕೊಟ್ಟಿದ್ದಾರೆ. ಶಿಕ್ಷಣದವರ ಪ್ರಕಾರ, ಗದರುವ ಮಾಸ್ತರು ಹೊರಗೆ ಹೋದ ಮೇಲೂ ಮಕ್ಕಳು ಸ್ವಲ್ಪ ಹೊತ್ತು ಪಿಸುಗುಟ್ಟುತ್ತಲೇ ಮಾತಾಡುತ್ತಾರೆ. ಪಶುವೈದ್ಯರೊಬ್ಬರು, ಸಾಕಿದವರು ಮನೆ ಬಿಟ್ಟ ಮೇಲೆ ನಾಯಿ ಬಾಗಿಲ ಕಡೆ ಕಿವಿ ನಿಮಿರಿಸಿ ಮಲಗುವುದನ್ನು ಅಪ್ಪ ಮೊದಲು ಗಮನಿಸಿದರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ನಾಯಿ ಎಂದಿತ್ತು? ಇತಿಹಾಸದವರು, ಒಂದು ಮನೆಯವರು ಊರು ಬಿಟ್ಟರೂ ನೆರೆಯವರು ಆ ಬಾಗಿಲ ಮುಂದೆ ದನಿ ತಗ್ಗಿಸಿಯೇ ನಡೆಯುತ್ತಾರೆ ಎಂದು ಅಪ್ಪನಿಂದ ತೆಗೆದುಕೊಂಡಿದ್ದಾರೆ. ಮನಶ್ಶಾಸ್ತ್ರದವರ ಮಾತು: ಹೋದವರ ದನಿ ಕೇಳಿಸುವುದು ರೋಗವಲ್ಲ, ಅದು ಕಿವಿಯ ಅಭ್ಯಾಸ. ಆಸ್ಪತ್ರೆಯವರದು ದೊಡ್ಡ ಗುಂಪು. ಅವರೆಲ್ಲ ಹೇಳುವುದು ಒಂದೇ: ರೋಗಿ ಉತ್ತರ ಕೊಡದಿದ್ದರೂ ಮಾತಾಡುತ್ತಿರಿ.

ಶೀರ್ಷಿಕೆಯೊಂದನ್ನು ಹಿಡಿದು ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನು ಅಪ್ಪನ ಬಾಯಿಂದ ಹೇಳಿಸಿದ್ದಾರೆ. ಈ ವರ್ಷವೂ ಹೊಸ ಉಲ್ಲೇಖಗಳು ಬಂದಿವೆ. ಪಕ್ಕದ ಮೇಜಿನವನಿಗೆ ವಿಷಯ ತಿಳಿದು, 'ದೆವ್ವ ಕಣೇ ಇದು, ಸತ್ತ ಮೇಲೂ ಬೆಳೀತಿದೆ' ಎಂದ. ಆಮೇಲೆ ಅದು ನಮ್ಮಪ್ಪ ಎಂದು ಗೊತ್ತಾಗಿ ಪಾಪ, ಮುಖ ಹುಳ್ಳಗೆ ಮಾಡಿಕೊಂಡು ಚಹಾ ತಂದುಕೊಟ್ಟ.

ಈಗ ಕಷ್ಟ ಏನೆಂದರೆ, ಇಲ್ಲದ ಲೇಖನವನ್ನು ನಕ್ಷೆಯಲ್ಲಿ ಇಡುವ ಹಾಗಿಲ್ಲ. ತೆಗೆದು ನೋಡಿದೆ. ನಕ್ಷೆ ಚೂರುಚೂರಾಗುತ್ತದೆ. ಕಟ್ಟಡದವರು ಒಂದು ಮೂಲೆ, ಉಳಿದವರು ಯಾರೂ ಇಲ್ಲ. ಹಾಗೆ ಕೊಟ್ಟರೆ ಸಮಿತಿ ಪತ್ರಿಕೆಯನ್ನು ನಿಲ್ಲಿಸುತ್ತದೆ. ಮೇ ಕೊನೆಗೆ ವರದಿ ಕೊಡಬೇಕು. ನಿನಗೆ ತಿಳಿಸದೆ ಮಾಡಲು ಮನಸ್ಸಾಗಲಿಲ್ಲ.

ನಿನ್ನ ಮಗಳು


ಮಾರ್ಚ್ 30

ಮರಿ,

ನೀನು ಕಳಿಸಿದ್ದನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದು ಮುಂದಿನ ಕೋಣೆಯ ಕಪಾಟಿನ ಅಂಚಿಗೆ ಅಂಟಿಸಿದ್ದೇನೆ. ಬೆಳಗಾದರೆ ಅಲ್ಲಿ ಕೂತು ಓದುತ್ತೇನೆ. ಮಾಸ್ತರರ ವಿಷಯ ನಿನ್ನ ಅಪ್ಪನದೇ ಇರಬೇಕು. ಅವರಿಗೆ ಚಿಕ್ಕಂದಿನಲ್ಲಿ ಅಂಥ ಒಬ್ಬ ಮಾಸ್ತರರಿದ್ದರು. ನಾಯಿಯ ವಿಷಯ ಖಂಡಿತ ಅಲ್ಲ, ಅವರು ನಾಯಿ ಕಂಡರೆ ರಸ್ತೆ ದಾಟಿಬಿಡುತ್ತಿದ್ದರು. ನೆರೆಯವರು ದನಿ ತಗ್ಗಿಸುವ ಮಾತನ್ನು ಎರಡೆರಡು ಸಲ ಓದಿದೆ. ಥೇಟು ಅವರದೇ ವಾಕ್ಯ. ಬಾಯಿಗೆ ಬೆರಳಿಟ್ಟುಕೊಂಡು ನಿಧಾನಕ್ಕೆ ಹೇಳುತ್ತಿದ್ದ ಹಾಗೆ ಕೇಳಿಸಿತು.

ಆಸ್ಪತ್ರೆಯವರದನ್ನು ಮಾತ್ರ ಅಂಟಿಸಲಿಲ್ಲ. ಅದು ನಿನ್ನ ಅಪ್ಪನ ಮಾತಲ್ಲ. ಅವರಿಗೆ ಏನೂ ಕೇಳಿಸುತ್ತಿರಲಿಲ್ಲ.

ಇನ್ನೂ ಇದ್ದರೆ ಕಳಿಸು. ಸಣ್ಣದಾದರೂ ಸರಿ, ಅರ್ಧ ವಾಕ್ಯವಾದರೂ ಸರಿ. ಮತ್ತೆ, ಆ ಚುಕ್ಕಿಯನ್ನು ತೆಗೆಯಬೇಡ. ನನ್ನ ಮುಖ ನೋಡಬೇಡ ಎಂದು ನಾನೇ ಬರೆದಿದ್ದೆ, ನಿಜ. ಈಗ ನೋಡು ಎನ್ನುತ್ತಿದ್ದೇನೆ. ಇಷ್ಟು ವರ್ಷ ಅವರ ಒಂದು ಮಾತಿಲ್ಲದೆ ಕಳೆದಿದ್ದೇನೆ. ಈಗ ಈ ಕೋಣೆಯಲ್ಲಿ ಕೂತರೆ ಅವರು ಇನ್ನೇನು ಬಾಯಿ ತೆರೆಯುತ್ತಾರೆ ಅನ್ನಿಸುತ್ತದೆ.

ಅಮ್ಮ


ಏಪ್ರಿಲ್ 18

ಅಮ್ಮ,

ನೀನು 'ಮರಿ' ಎಂದು ಬರೆದದ್ದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ಹೆದರಿಕೆಯಾಯಿತು.

ಮೇಷ್ಟ್ರು ಮೊನ್ನೆ ಫೋನ್ ಮಾಡಿದ್ದರು. 'ಅಮ್ಮಾವ್ರು ಮೂರು ವಾರದಿಂದ ಕರಡು ಮುಟ್ಟಿಲ್ಲಮ್ಮ. ಮುಂದಿನ ಕೋಣೇಲಿ ಇನ್ನೊಂದು ಕುರ್ಚಿ ಎಳ್ದು ಎದುರಿಗೆ ಇಟ್ಕೊಂಡು ಸುಮ್ನೆ ಕೂತಿರ್ತಾರೆ. ನಾನು ಕೆಮ್ಮಿದ್ರೂ ಶ್ ಅಂತಾರೆ' ಎಂದರು. ಇದಕ್ಕೆ ನಾನೇ ಕಾರಣ. ಇನ್ನು ಒಂದು ವಾಕ್ಯವನ್ನೂ ಕಳಿಸುವುದಿಲ್ಲ. ಸಿಟ್ಟು ಮಾಡಿಕೋ ಬೇಕಾದರೆ.

ಅದು ಅಪ್ಪ ಅಲ್ಲ, ಅಮ್ಮ. ನಾನು ಒಂದೊಂದು ಗೆರೆಯನ್ನೂ ಹಿಂದಕ್ಕೆ ಹಿಡಿದು ಹೋಗಿ ನೋಡಿದ್ದೇನೆ. ದನಿ ತಗ್ಗಿಸುವ ಮಾತನ್ನು ಬರೆದವರಿಗೆ ಪತ್ರ ಹಾಕಿದೆ. ಬೇರೊಬ್ಬರ ಪಟ್ಟಿಯಿಂದ ಎತ್ತಿಕೊಂಡೆ, ಲೇಖನ ನೋಡಿಲ್ಲ ಎಂದು ಒಪ್ಪಿಕೊಂಡರು. ಎಲ್ಲರೂ ಹೀಗೆಯೇ, ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದವರು. ಆಸ್ಪತ್ರೆಯವರ ಗುಂಪು ಕೂಡ ಹಾಗೆಯೇ. ಅವರೆಲ್ಲರ ಬೇರು ದಾದಿಯರ ಸಂಘದ ಒಂದು ಪುಟ್ಟ ಪತ್ರಿಕೆಯಲ್ಲಿದೆ. ಅಪ್ಪ ಹೋದ ಮರುವರ್ಷ ಒಬ್ಬ ನರ್ಸ್ ಬರೆದ ಒಂದೇ ಪುಟದ ಲೇಖನ. ಎಲ್ಲರಿಗಿಂತ ಮೊದಲು ಅಪ್ಪನನ್ನು ಉಲ್ಲೇಖಿಸಿದವರು ಅವರೇ. ಅವರಂತೂ ಸೂಚಿಯನ್ನೂ ಸರಿಯಾಗಿ ನೋಡಿಲ್ಲ. ಎಲ್ಲರೂ 41ರಿಂದ 52 ಎಂದರೆ ಅವರದು 37ರಿಂದ 48. ತಪ್ಪು ಪುಟ ಎಂದು ನಾನು ತಿದ್ದಿ ಸೇರಿಸಿದ್ದು ಅದನ್ನೇ.

ನೀನೇ ಕೇಳುತ್ತಿದ್ದೆಯಲ್ಲ, ಈಗ ನಾನು ಕೇಳುತ್ತೇನೆ. ಆ ಪುಟವನ್ನು ಕಣ್ಣಾರೆ ಕಂಡಿದ್ದೀಯಾ?

ನಿನ್ನ ಮಗಳು


ಏಪ್ರಿಲ್ 24

ಮರಿ,

ಆ ಮೂವತ್ತೇಳು ತಪ್ಪಲ್ಲ. ನೀನು ತಿದ್ದಿದ್ದನ್ನು ಮೊದಲು ಬಿಡಿಸು.

ಪುಟ ಲೆಕ್ಕ ಹಾಕಿದ್ದೇ ನಾನು ಆ ಸ್ಟೂಲಿನ ಮೇಲೆ ಕೂತು, ನಿನ್ನ ಅಪ್ಪ ಪ್ರಜ್ಞೆ ತಪ್ಪಿ ಮಲಗಿದ ಮೇಲೆ. 'ಮೂವತ್ತೇಳರಿಂದ ನಲವತ್ತೆಂಟು ನಿಮಗೆ. ಸಾಕಲ್ಲ?' ಎಂದು ಅವರ ಕಿವಿಯ ಹತ್ತಿರ ಹೇಳಿದೆ. ಅದಾದ ಮೇಲೆ ಡಾಕ್ಟರು ಬಂದದ್ದು, ನಾನು ಬಾಯಿ ಮುಚ್ಚಿದ್ದು. ಆಮೇಲೆ, ಸಂಚಿಕೆಯಲ್ಲಿ ಅವರ ಲೇಖನಕ್ಕಿಂತ ಮೊದಲಿದ್ದ ಲೇಖನವನ್ನು ಒಬ್ಬ ಸೇತುವೆ ಎಂಜಿನಿಯರು ನಾಲ್ಕು ಪುಟ ಬೆಳೆಸಿ ಕಳಿಸಿದರು. ರಕ್ಷಾಪುಟ ಅಚ್ಚಾಗುವಾಗ 41 ಆಯಿತು. 37 ಎನ್ನುವುದು ಯಾವ ಕಾಗದದ ಮೇಲೂ ಬಂದಿಲ್ಲ. ನಾನು ಯಾರಿಗೂ ಹೇಳಿಲ್ಲ. ಅವರೊಬ್ಬರಿಗೆ ಹೇಳಿದೆ, ಅವರಿಗೆ ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದರು.

ಆ ನರ್ಸ್ ಬದುಕಿದ್ದಾರೆಯೇ? ವಿಳಾಸ ಹುಡುಕು. ಪುಣ್ಯ ಕಟ್ಟಿಕೋ.

ಅಮ್ಮ


ಮೇ 11

ಅಮ್ಮನವರಿಗೆ,

ನಿಮ್ಮ ಕಾರ್ಡು ಸಂಘದವರ ಮೂಲಕ ಕೈಸೇರಿತು. 'ಆ ಪುಟವನ್ನು ಕಣ್ಣಾರೆ ಕಂಡಿದ್ದೀರಾ?' ಎಂದು ಕೇಳಿದ್ದೀರಿ. ಇಲ್ಲ, ಕಂಡಿಲ್ಲ. ಕಿವಿಯಾರೆ ಕೇಳಿದ್ದೇನೆ.

ನಾನು ಆಗ ಹೊಸಬಳು. ನಿಮ್ಮ ಯಜಮಾನರಿದ್ದ ವಾರ್ಡಿಗೆ ನನ್ನನ್ನು ಹಾಕುವ ಹೊತ್ತಿಗೆ ನೀವು ಮಾತು ನಿಲ್ಲಿಸಿದ್ದಿರಿ ಅಂತ ಕಾಣುತ್ತದೆ. ಸ್ಟೂಲಿನ ಮೇಲೆ ಕೈಕಟ್ಟಿ ಕೂತಿರುವ ಹೆಂಗಸು ಎಂದೇ ನನಗೆ ನಿಮ್ಮ ನೆನಪು. ನಿಮ್ಮ ದನಿ ನಾನು ಒಮ್ಮೆಯೂ ಕೇಳಿಲ್ಲ.

ಅದು ಬೆಳಗಿನ ಪಾಳಿ. ನೀವು ಇರಲಿಲ್ಲ. ನಾನು ದಿಂಬು ಸರಿಮಾಡುತ್ತಿದ್ದೆ. ಅವರು ಕಣ್ಣು ತೆರೆದರು. ಗಾಬರಿಯಾಗಿ 'ಏನಾದ್ರೂ ಬೇಕಾ?' ಎಂದೆ. ಮೆಲ್ಲಗೆ, ಆದರೆ ಸ್ಪಷ್ಟವಾಗಿ, 'ಅವಳಿಗೆ ಹೇಳಿ, ಮೂವತ್ತೇಳರಿಂದ ನಲವತ್ತೆಂಟು ಸಾಕಾಗುತ್ತೆ' ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. 'ಯಾವುದು ಸಾಕಾಗುತ್ತೆ?' ಎಂದೆ. ಲೇಖನದ ಹೆಸರು ಹೇಳಿದರು, ಪತ್ರಿಕೆಯ ಹೆಸರು ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು, 'ಯಾಕೋ ಸುಮ್ನಾಗಿಬಿಟ್ಟಿದ್ದಾಳೆ. ಮಾತಾಡ್ತಾ ಇರೋಕೆ ಹೇಳಿ. ಉತ್ತರ ಕೊಡೋಕಾಗಲ್ಲ, ಅಷ್ಟೇ' ಎಂದರು. ಕಣ್ಣು ಮುಚ್ಚಿದರು.

ನಾನು ಓಡಿಬಂದು ನೀವು ಎಲ್ಲಿದ್ದೀರಿ ಎಂದು ವಾರ್ಡಿನವರನ್ನು ಕೇಳಿದೆ. ಪ್ರೆಸ್ಸಿಗೆ ಹೋಗಿದ್ದಾರೆ, ಮಧ್ಯಾಹ್ನ ಬರುತ್ತಾರೆ ಎಂದರು. ಪಾಳಿ ಬದಲಾಗುವಾಗ ಮುಂದಿನವರಿಗೆ ತಿಳಿಸಿಯೇ ಹೊರಟೆ. ಮರುದಿನ ಬಂದಾಗ ಹಾಸಿಗೆಗೆ ಹೊಸ ಬಟ್ಟೆ ಹಾಸಿತ್ತು. ನಿಮಗೆ ತಿಳಿಸಿರುತ್ತಾರೆ ಎಂದೇ ಇಷ್ಟು ದಿನ ನಂಬಿದ್ದೆ.

ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಬೇರೆ ರೋಗಿಗಳ ಮನೆಯವರು ಸುಮ್ಮನೆ ಕೂತಿರುವುದನ್ನು ಕಂಡಾಗಲೆಲ್ಲ ಹತ್ತಿರ ಹೋಗಿ 'ಮಾತಾಡ್ತಾ ಇರಿ' ಎನ್ನುತ್ತಿದ್ದೆ. ಅದಕ್ಕೇ ಆ ಒಂದು ಪುಟ ಬರೆದೆ. ಯಾರು ಹೇಳಿದ್ದು, ಆಕರ ಕೊಡಿ ಎಂದು ನಮ್ಮ ಪತ್ರಿಕೆಯವರು ಪಟ್ಟು ಹಿಡಿದರು. ನಿಮ್ಮ ಯಜಮಾನರು ಹೇಳಿದ ಪುಟವನ್ನೇ ಬರೆದುಕೊಟ್ಟೆ. ತಮ್ಮ ಲೇಖನದ ಪುಟ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತದೆ?

ಈಗ ನಾನು ನಿವೃತ್ತಳು, ಮೊಣಕಾಲು ನೋವು. ಬರುವ ಹಾಗಿದ್ದರೆ ನೀವೇ ಬನ್ನಿ.

ಆಗಿನ ಬೆಳಗಿನ ಪಾಳಿಯ ನರ್ಸ್


ಮೇ 20

ಮರಿ,

ನರ್ಸಮ್ಮನ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಓದಿ ವಾಪಸ್ ಕಳಿಸು, ಕಳೆಯಬೇಡ.

ಅವರಿಗೆ ಕೇಳಿಸುತ್ತಿತ್ತು. ಈ ವಾಕ್ಯವನ್ನು ಬರೆದು ಎರಡು ದಿನ ಮುಂದಕ್ಕೆ ಹೋಗಲಾಗಲಿಲ್ಲ. ನಾನು ಹೇಳಿದ್ದೆಲ್ಲ ಕೇಳಿಸಿತ್ತು ಎಂದು ಒಂದು ಗಳಿಗೆ ಆನಂದ. ಮರುಗಳಿಗೆಯಲ್ಲಿ, ಹಾಗಾದರೆ ನಾನು ಕೈಕಟ್ಟಿ ಕೂತಿದ್ದ ದಿನಗಳೂ ಅವರಿಗೆ ಕೇಳಿಸಿವೆಯಲ್ಲ ಎಂದು ಸಂಕಟ. ಪಕ್ಕದಲ್ಲಿ ಕೂತವಳು ಉಸಿರಾಡುವುದು ಕೇಳುತ್ತಿದೆ, ಮಾತಿಲ್ಲ. ಏನೆಂದುಕೊಂಡರೋ. ಮುನಿಸಿಕೊಂಡಳು ಎಂದೋ, ಬೇಸತ್ತಳು ಎಂದೋ. ಇದಕ್ಕೆ ನನ್ನಲ್ಲಿ ಸಮಾಧಾನವಿಲ್ಲ, ನೀನೂ ಹೇಳಬೇಡ.

ಕಪಾಟಿನ ಚೀಟಿಗಳನ್ನೆಲ್ಲ ಕಿತ್ತೆ. ಎದುರಿನ ಕುರ್ಚಿಯನ್ನು ಮೇಷ್ಟ್ರಿಗೆ ಕೊಟ್ಟೆ. ನಿನ್ನ ನಕ್ಷೆಯಿಂದ ಆ ದಪ್ಪ ಚುಕ್ಕಿಯನ್ನು ತೆಗೆದುಬಿಡು. ಅವರು ನಿಜವಾಗಿ ಆಡಿದ ಮಾತು ಸಿಕ್ಕಿದ ಮೇಲೆ, ಆಡದ ಮಾತುಗಳನ್ನು ಅವರ ಹೆಸರಿನಲ್ಲಿ ಇಟ್ಟುಕೊಳ್ಳಲು ನನಗೆ ಮನಸ್ಸಿಲ್ಲ. ಪತ್ರಿಕೆ ಹೋದರೆ ಹೋಗಲಿ. ನರ್ಸಮ್ಮನ ಗೆರೆಯೊಂದನ್ನು ಮಾತ್ರ ಉಳಿಸು. ಎಲ್ಲರೂ ಕಣ್ಣಾರೆ ಕಂಡಂತೆ ಬರೆದರು, ಅವರೊಬ್ಬರು ಕೇಳಿ ಬರೆದರು.

ಅಮ್ಮ


ಜುಲೈ 2

ಅಮ್ಮ,

ನಿನ್ನೆ ಸಮಿತಿಯ ಮುಂದೆ ನಕ್ಷೆ ಇಟ್ಟೆ. ಹೇಗಾಯಿತು ಎಂದು ಸುತ್ತಿಬಳಸಿ ಹೇಳುವುದಿಲ್ಲ. ಕಟ್ಟಡದವರ ಗುಂಪೊಂದು ಉಳಿಯಿತು, ಬೇರೆ ಶಾಸ್ತ್ರಗಳ ಮೇಲೆ ಪ್ರಭಾವ ಕಾಣಿಸುವುದಿಲ್ಲ ಎಂದರು. 'ಕೋಣೆ ಮತ್ತು ಶಬ್ದ' ಈ ಸಂಚಿಕೆಗೆ ನಿಲ್ಲುತ್ತದೆ. ಅಕ್ಕ ಹೋದಳು ಎಂದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಅವಳನ್ನು ಕಂಡರೆ ನನಗೆ ಯಾವತ್ತೂ ಆಗುತ್ತಿರಲಿಲ್ಲ, ಆದರೂ ಅತ್ತೆ.

ನರ್ಸಮ್ಮನ ಚುಕ್ಕಿಯನ್ನು ಒಂದು ಅಂಚಿನಲ್ಲಿ ಬಿಟ್ಟಿದ್ದೆ. ಅದರಿಂದ ಹೊರಟ ಗೆರೆ ಖಾಲಿ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಅಧ್ಯಕ್ಷರು ಕನ್ನಡಕ ಏರಿಸಿ, 'ಇದೇನಮ್ಮ, ಈ ಗೆರೆ ಎಲ್ಲೂ ಮುಟ್ಟಿಲ್ಲವಲ್ಲ?' ಎಂದರು. 'ಮುಟ್ಟಿದೆ ಸಾರ್, ತಡವಾಗಿ ಮುಟ್ಟಿದೆ' ಎಂದೆ. ಅವರಿಗೆ ಏನು ಅರ್ಥವಾಯಿತೋ, ಮುಂದಿನ ಪತ್ರಿಕೆಯ ನಕ್ಷೆಗೆ ಹೋದರು.

ನಿನ್ನನ್ನು ಒಂಟಿ ಮಾಡಿದೆನೇ? ನರ್ಸಮ್ಮನ ವಿಷಯವನ್ನೇ ತೆಗೆಯಬಾರದಿತ್ತೇ ಎಂದು ದಿನಾ ಕೇಳಿಕೊಳ್ಳುತ್ತೇನೆ.

ಮರಿ


ಜುಲೈ 29

ಮರಿ,

ಕೊನೆಯ ಸಂಚಿಕೆ ಅಚ್ಚಿಗೆ ಹೋಯಿತು. ಕೊನೆಯ ಪುಟದಲ್ಲಿ ತಿದ್ದುಪಡಿಯೊಂದನ್ನು ಹಾಕಿದ್ದೇನೆ: ಇಂಥ ಸಂಚಿಕೆಯ ರಕ್ಷಾಪುಟದಲ್ಲಿ ಸೂಚಿಸಿದ ಲೇಖನ ಪ್ರಕಟವಾಗಿಲ್ಲ, ದಯವಿಟ್ಟು ಯಾರೂ ಅದನ್ನು ಉಲ್ಲೇಖಿಸಬಾರದು. ಮೇಷ್ಟ್ರು ಕರಡು ನೋಡುತ್ತಾ ಅತ್ತು, ಮೂಗು ಸೀಟಿ, ಒಂದು ಕಡೆ ಬಿಟ್ಟುಹೋಗಿದ್ದ ಪೂರ್ಣವಿರಾಮವನ್ನೂ ಹಾಕಿ ಹೋದರು.

ನರ್ಸಮ್ಮನನ್ನು ನೋಡಿಬಂದೆ. ಅವರು ಏನೇನೋ ಹೇಳಿದರು, ನಾನೂ ಒಂದೆರಡು ಮಾತಾಡಿದೆ. ಹೊರಡುವಾಗ, 'ನಿಮ್ಮ ದನಿ ಹೀಗಿದೆ ಅಂತ ಈಗ ಗೊತ್ತಾಯ್ತು ನೋಡಿ' ಎಂದು ನಕ್ಕರು.

ನಿನ್ನೆ ವಿಶ್ವವಿದ್ಯಾಲಯದವರು ಬಂದು ಸಂಚಿಕೆಗಳನ್ನೂ ಕಪಾಟುಗಳನ್ನೂ ಗಾಡಿಗೆ ಹೇರಿಕೊಂಡು ಹೋದರು. ಮುಂದಿನ ಕೋಣೆ ಇಷ್ಟು ದೊಡ್ಡದೆಂದು ನನಗೆ ಮರೆತೇಹೋಗಿತ್ತು. ಗೋಡೆಯ ಮೇಲೆ ಕಪಾಟಿನ ಗುರುತು ಮಾತ್ರ ಉಳಿದಿದೆ. ನಾನು ನಡುವೆ ನಿಂತು ಕೆಮ್ಮಿದೆ. ಕೆಮ್ಮು ಕೋಣೆಯಲ್ಲೇ ನಿಂತಿತು. ಕಟ್ಟಡದವರು ಬರೆದದ್ದು ಸುಳ್ಳಲ್ಲ, ಅದನ್ನು ನಿನ್ನ ಅಪ್ಪ ಹೇಳದಿದ್ದರೂ.

ಆಗ ಬಾಯಿ ತೆರೆದೆ. ಇಷ್ಟು ವರ್ಷದ ಮೇಲೆ ಎಲ್ಲಿಂದ ಶುರುಮಾಡುವುದು ಎಂದು ತಿಳಿಯದೆ, ನಿಲ್ಲಿಸಿದ ಕಡೆಯಿಂದಲೇ ಶುರುಮಾಡಿದೆ. 'ರೀ, ಮೂವತ್ತೇಳು ಅಂದಿದ್ನಲ್ಲ, ಅದು ನಲವತ್ತೊಂದಕ್ಕೆ ಹೋಯ್ತು. ಆ ಸೇತುವೆಯವ್ರು ನಾಲ್ಕು ಪುಟ ಜಾಸ್ತಿ ಬರೆದುಬಿಟ್ರು. ನಿಮ್ಗೆ ಹೇಳೋದು ಬಿಟ್ಟುಹೋಗಿತ್ತು.' ನನ್ನ ದನಿ ಗೋಡೆಗೆ ಹೋಗಿ ವಾಪಸ್ ಬಂತು. ಅದು ಬರುವವರೆಗೆ ಕಾದೆ. ಉತ್ತರ ಬರಲಿಲ್ಲ, ಬರುವುದಿಲ್ಲ ಎಂದು ನರ್ಸಮ್ಮನಿಗೆ ಅವರೇ ಹೇಳಿದ್ದಾರಲ್ಲ. ಮತ್ತೆ ಮುಂದುವರಿಸಿದೆ. ನಿನ್ನ ಶಾಲೆಯ ವಿಷಯ, ನಿನಗೆ ಜ್ವರ ಬಂದದ್ದು, ನೀನು ಮನೆ ಬಿಟ್ಟು ಹೊರಟ ದಿನ ನಾನು ಬಾಗಿಲವರೆಗೂ ಬಾರದೆ ಕರಡು ಹಿಡಿದು ಕೂತದ್ದು. ಗಂಟಲು ಒಣಗಿತು. ನೀರು ಕುಡಿದು ಬಂದು ಮತ್ತೆ ಹೇಳಿದೆ.

ನೀನು ಬೆಳೆಯುವಾಗಲೂ ಈ ಮನೆಯಲ್ಲಿ ಒಬ್ಬಳಿಗೆ ಕೇಳಿಸುತ್ತಿತ್ತು, ಮರಿ, ನಿನಗೆ. ನಾನು ಸುಮ್ಮನಿದ್ದೆ.

ಇನ್ನು ಕಾಗದ ಬೇಡ. ಭಾನುವಾರ ಫೋನ್ ಮಾಡು. ನಾನು ಮಾತಾಡುತ್ತೇನೆ. ನೀನು 'ಹೂಂ' ಅನ್ನು, ಸಾಕು.

ಅಮ್ಮ